ಕಂಪನಿ ಹಾಕಿದ ಟೈರ್ ಕಳಪೆಯೇ?

ಹೊಸ ಕಾರಿನ ಜೊತೆ ಪುಕ್ಕಟೆ ಸಲಹೆಗಳೂ ಮನೆಗೆ ಬರುತ್ತವೆ. ಅದರಲ್ಲಿ ಇದೊಂದು ತಪ್ಪುವುದಿಲ್ಲ: “ಕಂಪನಿ ಟೈರ್ ಸುಮ್ನೆ ಕಾಟಾಚಾರಕ್ಕೆ ಹಾಕಿರ್ತಾರೆ, ಮೊದಲು ಬದಲಾಯಿಸಿ.” ಇನ್ನು ಕೆಲವರದು ಪೂರ್ತಿ ಉಲ್ಟಾ: “ಕಾರು ಮಾಡಿದವರಿಗಿಂತ ನಿಮಗೆ ಜಾಸ್ತಿ ಗೊತ್ತಾ?” ಎರಡೂ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಟೈರ್ ಚೆನ್ನಾಗಿದೆಯಾ ಅನ್ನುವ ಮೊದಲು, ಯಾರಿಗೆ ಬೇಕಾದ ಹಾಗೆ ಮಾಡಿದ್ದು ಅಂತ ಕೇಳಬೇಕಲ್ವಾ?

ಕಾರು ಕಂಪನಿ ಟೈರ್ ಕಂಪನಿಯ ಮುಂದೆ ಒಂದು ಪಟ್ಟಿ ಇಡುತ್ತದೆ. ತೂಕ ಇಷ್ಟು, ಸದ್ದು ಇಷ್ಟು, ಒದ್ದೆ ರಸ್ತೆಯಲ್ಲಿ ಬ್ರೇಕ್ ಹಿಡಿತ ಇಷ್ಟು, ಬೆಲೆ ಇಷ್ಟು. ಇದೆಲ್ಲದರ ಜೊತೆಗೆ, ಉರುಳುವಾಗ ಇಂಧನ ಆದಷ್ಟು ಕಡಿಮೆ ತಿನ್ನಬೇಕು. ಮೈಲೇಜ್ ಮತ್ತು ಹೊಗೆಯ ಪರೀಕ್ಷೆಯಲ್ಲಿ ಕಾರು ಪಾಸಾಗಬೇಕಲ್ಲ! ಎಲೆಕ್ಟ್ರಿಕ್ ಕಾರಾದರೆ ಒಂದು ಚಾರ್ಜಿಗೆ ಎಷ್ಟು ದೂರ ಹೋಗುತ್ತದೆ ಎಂಬ ಲೆಕ್ಕವೂ ಇದರ ಮೇಲೆ ನಿಂತಿದೆ.

ನಿಜವಾದ ಮಜಾ ಇರುವುದು ರಬ್ಬರಿನ ಒಳಗೆ. ರಬ್ಬರ್ ಚೆಂಡನ್ನು ಕೈಬಿಟ್ಟರೆ ಅದು ಬಿಟ್ಟಷ್ಟು ಎತ್ತರಕ್ಕೆ ಪುಟಿಯುವುದಿಲ್ಲ. ಕಳೆದುಹೋದ ಶಕ್ತಿ ಬಹುಪಾಲು ಬಿಸಿಯಾಗಿರುತ್ತದೆ. ಟೈರಿಗೂ ಇದೇ ಗತಿ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಸಾಮಾನ್ಯ ಕಾರಿನ ಚಕ್ರ ಸೆಕೆಂಡಿಗೆ ಸುಮಾರು 11 ಸುತ್ತು ಹಾಕುತ್ತದೆ. ಟೈರಿನ ಪ್ರತಿ ತುಣುಕೂ ಅಷ್ಟೇ ಸಲ ನೆಲಕ್ಕೆ ಒತ್ತಿ, ಚಪ್ಪಟೆಯಾಗಿ, ಮತ್ತೆ ಆಕಾರಕ್ಕೆ ಬರುತ್ತದೆ. ಪ್ರತಿ ಸಲವೂ ಒಂದಿಷ್ಟು ಇಂಧನ ಬಿಸಿಯಾಗಿ ಹೋಯಿತು ಅಂತಲೇ ಲೆಕ್ಕ.

ಹಾಗಾದರೆ ಚೆನ್ನಾಗಿ ಪುಟಿಯುವ ರಬ್ಬರನ್ನೇ ಹಾಕಿದರಾಯಿತಲ್ಲ? ಅಲ್ಲೇ ತೊಡಕು. ಒದ್ದೆ ರಸ್ತೆಯಲ್ಲಿ ಬ್ರೇಕ್ ಒತ್ತಿದಾಗ ರಬ್ಬರ್ ರಸ್ತೆಯ ಸಣ್ಣ ಸಣ್ಣ ಉಬ್ಬುಗಳ ಮೇಲೆ ಜಾರುತ್ತದೆ. ಉಬ್ಬು ದಾಟಿದ ಮೇಲೆ ತಕ್ಷಣ ಪುಟಿದೇಳದೆ ಸ್ವಲ್ಪ ತಡವಾಗಿ ಎದ್ದರೆ ಮಾತ್ರ, ಉಬ್ಬಿನ ಎದುರು ಮುಖಕ್ಕೆ ಒತ್ತಡ ಹೆಚ್ಚಾಗಿ ಹಿಡಿತ ಸಿಗುತ್ತದೆ. ಅಂದರೆ ಮೈಲೇಜ್ ಕದಿಯುವ ಆ ಸೋಮಾರಿತನವೇ ಇಲ್ಲಿ ಪ್ರಾಣ ಉಳಿಸುವುದು.

ಇದರಿಂದ ಪಾರಾಗಲು ಒಂದು ಸಂದಿ ಇದೆ. ಉರುಳುವಾಗ ರಬ್ಬರ್ ಬಾಗುವುದು ಸೆಕೆಂಡಿಗೆ ಹತ್ತಾರು ಸಲ. ಜಾರುವಾಗ ಅದು ಸಾವಿರಾರು, ಲಕ್ಷಾಂತರ ಸಲ ಅದುರುತ್ತದೆ. ನಿಧಾನದ ಬಾಗುವಿಕೆಗೆ ಚುರುಕಾಗಿ, ವೇಗದ ಅದುರುವಿಕೆಗೆ ಸೋಮಾರಿಯಾಗಿ ವರ್ತಿಸುವ ರಬ್ಬರ್ ಸಿಕ್ಕರೆ ಎರಡೂ ದಕ್ಕುತ್ತವೆ. ಪ್ರಯೋಗಾಲಯದಲ್ಲಿ ಇದನ್ನು ಅಳೆಯುವ ಉಪಾಯ ನನಗೆ ತುಂಬಾ ಇಷ್ಟ. ರಬ್ಬರಿಗೆ ಚಳಿ ಮತ್ತು ವೇಗ ಒಂದೇ ಥರ ಕಾಣುತ್ತವೆ. ಹಾಗಾಗಿ 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಳೆದು ಇಂಧನ ಉಳಿತಾಯವನ್ನೂ, 0 ಡಿಗ್ರಿಯಲ್ಲಿ ಅಳೆದು ಒದ್ದೆ ಹಿಡಿತವನ್ನೂ ಅಂದಾಜು ಮಾಡುತ್ತಾರೆ.

ಅಂಥ ರಬ್ಬರ್ ಕಾರುಗಳಿಗೆ ಬಂದದ್ದು 1990ರ ದಶಕದಲ್ಲಿ. ಅದಕ್ಕೂ ಮೊದಲು ಟೈರಿಗೆ ಬಲ ಕೊಡುತ್ತಿದ್ದದ್ದು ಮಸಿಯಂಥ ಕಾರ್ಬನ್ ಬ್ಲ್ಯಾಕ್. (ಅದು ಬರುವ ಮುಂಚೆ ಟೈರುಗಳು ಕಪ್ಪಗೇ ಇರಲಿಲ್ಲ, ಬಿಳಿಚಿಕೊಂಡಿದ್ದವು!) 1992ರಲ್ಲಿ ಮಿಶೆಲಿನ್ ಕಂಪನಿ ಕಾರ್ಬನ್ ಬದಲು ಸಿಲಿಕಾ (ಮರಳಿನಲ್ಲಿರುವ ವಸ್ತುವಿನ ನುಣ್ಣನೆ ಪುಡಿ) ಬೆರೆಸಿದ ಟೈರನ್ನು ಮಾರುಕಟ್ಟೆಗೆ ತಂದಿತು. ಸಿಲಿಕಾ ರಬ್ಬರಿಗೆ ಅಂಟುವುದಿಲ್ಲ. ನಡುವೆ ಸಿಲೇನ್ ಎಂಬ ರಾಸಾಯನಿಕ ಬೇಕು. ಇಷ್ಟಾದರೂ ಇಂಧನ, ಹಿಡಿತ, ಸವೆತ ಈ ಮೂರರಲ್ಲಿ ಒಂದನ್ನು ಎಳೆದರೆ ಇನ್ನೊಂದು ಜಗ್ಗುತ್ತದೆ.

ಕೆಲವು ಕಾರುಗಳ ಟೈರಿನ ಪಕ್ಕದಲ್ಲಿ ಬಗ್ಗಿ ನೋಡಿ. ಬಿಎಂಡಬ್ಲ್ಯೂ ಆದರೆ ನಕ್ಷತ್ರ, ಮರ್ಸಿಡಿಸ್ ಆದರೆ ‘ಎಂಒ’ ಎಂಬ ಗುರುತು ಇರಬಹುದು. ಆ ಕಾರಿಗೆಂದೇ ಹದ ಮಾಡಿದ್ದು ಎಂದರ್ಥ. ಅದೇ ಹೆಸರಿನ, ಅದೇ ಅಳತೆಯ, ಗುರುತಿಲ್ಲದ ಟೈರಿನಲ್ಲಿ ರಬ್ಬರಿನ ಮಿಶ್ರಣವೇ ಬೇರೆ ಇರಬಹುದು. ಆದ್ದರಿಂದ ಹೊಸ ಟೈರನ್ನು ಮೊದಲ ದಿನವೇ ಕಿತ್ತು ಹಾಕುವುದು ಸುಮ್ನೆ ದುಂದು. ಬದಲಿಸುವ ಕಾಲ ಬಂದಾಗ ಮಳೆಯಲ್ಲೇ ಜಾಸ್ತಿ ಓಡಾಡುವವರು ಒದ್ದೆ ಹಿಡಿತಕ್ಕೆ ಹೆಸರಾದದ್ದನ್ನು ಆರಿಸಲಿ, ಮೈಲೇಜ್ ತುಸು ಇಳಿದರೆ ಗೊಣಗದಿರಲಿ. ಟೈರಿನ ಮೇಲೆ ಬರೆದಿರುವ ಭಾರ ಹೊರುವ ಅಂಕ (ಲೋಡ್ ಇಂಡೆಕ್ಸ್) ಮಾತ್ರ ಮೊದಲಿನದಕ್ಕಿಂತ ಕಡಿಮೆಯಾಗಬಾರದು.

“ಬದಲಿಸಿದ ಮೇಲೆ ಕಾರು ಎಷ್ಟು ಚೆನ್ನಾಗಿ ಓಡ್ತಿದೆ ಗೊತ್ತಾ?” ಎನ್ನುವವರನ್ನು ಪೂರ್ತಿ ನಂಬಬೇಡಿ. ಅವರು ಹೋಲಿಸುತ್ತಿರುವುದು ಸುಮಾರು 8 ಮಿಲಿಮೀಟರ್ ಆಳದ ಹೊಸ ಗೀರುಗಳನ್ನು, ಸವೆದು 2 ಮಿಲಿಮೀಟರಿಗೆ ಇಳಿದ, ವರ್ಷಗಟ್ಟಲೆ ಬಿಸಿಲಿಗೆ ಗಟ್ಟಿಯಾದ ಹಳೇ ರಬ್ಬರಿನ ಜೊತೆ. ಕಂಪನಿಯ ಅದೇ ಟೈರನ್ನು ಹೊಸದಾಗಿ ಹಾಕಿಸಿದ್ದರೂ ಅವರು ಇದೇ ಮಾತು ಹೇಳುತ್ತಿದ್ದರು.