ಪಂಪು ಬರೆದುಕೊಟ್ಟ ಮೇಲೆ

ಜನ ‘ದಮ್ಮು’ ಎಂಬ ಒಂದೇ ಹೆಸರಿನಲ್ಲಿ ಕರೆಯುವ ಕಾಯಿಲೆಗಳಲ್ಲಿ ಸಿಒಪಿಡಿಯೂ ಒಂದು. ಶ್ವಾಸನಾಳಗಳು ವರ್ಷಗಳ ಅವಧಿಯಲ್ಲಿ ಕಿರಿದಾಗುತ್ತ ಬಂದು, ಮತ್ತೆಂದೂ ಪೂರ್ತಿ ತೆರೆದುಕೊಳ್ಳದಂತಾಗುವ ರೋಗವಿದು. 2021ರಲ್ಲಿ ಜಗತ್ತಿನಾದ್ಯಂತ ಸುಮಾರು 35 ಲಕ್ಷ ಮಂದಿ ಇದರಿಂದ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಔಷಧಿಗಳೇನೋ ಇವೆ, ಆದರೆ ಅವನ್ನು ರೋಗಿಯೇ ತನ್ನ ಮನೆಯಲ್ಲಿ, ದಿನವೂ, ಸರಿಯಾದ ಕ್ರಮದಲ್ಲಿ ಉಸಿರಿನೊಂದಿಗೆ ಒಳಗೆಳೆದುಕೊಳ್ಳಬೇಕು. ಹೊರರೋಗಿ ವಿಭಾಗದ ತೊಡಕೆಲ್ಲ ಇರುವುದು ಇಲ್ಲಿಯೇ.

ಅದಕ್ಕೂ ಮೊದಲು ರೋಗ ಪತ್ತೆಯಾಗಬೇಕಷ್ಟೆ. ಶ್ವಾಸನಾಳ ಹಿಗ್ಗಿಸುವ ಔಷಧಿ ಕೊಟ್ಟ ಬಳಿಕವೂ, ರೋಗಿ ಊದಿದ ಒಟ್ಟು ಗಾಳಿಯಲ್ಲಿ ಮೊದಲ ಸೆಕೆಂಡಿನ ಪಾಲು ಶೇ. 70ಕ್ಕಿಂತ ಕಡಿಮೆಯಿದೆಯೇ ಎಂಬುದನ್ನು ಸ್ಪೈರೋಮೆಟ್ರಿ ಎಂಬ, ಉಪಕರಣಕ್ಕೆ ಊದಿಸಿ ನೋಡುವ ಪರೀಕ್ಷೆ ಹೇಳುತ್ತದೆ. ಬೀಡಿಯನ್ನೇ ಮುಟ್ಟದೆ, ದಶಕಗಳ ಕಾಲ ಸೌದೆ ಒಲೆ ಊದಿದ ಹೆಂಗಸರ ವಿಷಯದಲ್ಲಿ ಈ ಪರೀಕ್ಷೆ ಹೊಳೆಯುವುದೇ ತಡವಾಗಿ. ಏದುಸಿರು ವಯಸ್ಸಿನ ಲಕ್ಷಣವೆಂದು ಅವರೂ ಸುಮ್ಮನಿರುತ್ತಾರೆ, ಮನೆಯವರೂ ಸುಮ್ಮನಿರುತ್ತಾರೆ.

ಇನ್ಹೇಲರ್ ಬರೆದುಕೊಟ್ಟರೆ, ‘ಪಂಪು ಅಭ್ಯಾಸವಾಗಿಬಿಡುತ್ತದೆ, ಮಾತ್ರೆಯನ್ನೇ ಕೊಡಿ’ ಎಂಬ ಕೋರಿಕೆ ಬರುತ್ತದೆ. ಶ್ವಾಸನಾಳ ಹಿಗ್ಗಿಸುವ ಸಾಲ್ಬುಟಮಾಲ್‌ನ ಮಾತ್ರೆಯೊಂದರಲ್ಲಿ ಸಾಮಾನ್ಯವಾಗಿ 2 ಅಥವಾ 4 ಮಿಲಿಗ್ರಾಂ ಔಷಧಿಯಿದ್ದರೆ, ಪಂಪನ್ನು ಒಮ್ಮೆ ಒತ್ತಿದಾಗ ಬರುವುದು 100 ಮೈಕ್ರೋಗ್ರಾಂ, ಅಂದರೆ ಇಪ್ಪತ್ತರಲ್ಲಿ ಅಥವಾ ನಲವತ್ತರಲ್ಲಿ ಒಂದು ಪಾಲು. ಅದೂ ನೇರವಾಗಿ ಶ್ವಾಸನಾಳಕ್ಕೆ. ಕೈನಡುಕ, ಎದೆ ಹೊಡೆದುಕೊಳ್ಳುವುದು ಮಾತ್ರೆಯಲ್ಲೇ ಹೆಚ್ಚು. ರೋಗಿ ಒಪ್ಪಿದರೂ ಬಳಕೆ ಸುಲಭವಲ್ಲ. ಒತ್ತುವ ಪಂಪಿಗೆ ನಿಧಾನವಾದ, ಆಳವಾದ ಉಸಿರು ಬೇಕು. ಕ್ಯಾಪ್ಸೂಲಿನ ಪುಡಿ ಎಳೆಯುವ ಸಾಧನಕ್ಕೆ ಜೋರಾದ ಸೆಳೆತ ಬೇಕು. ಎರಡರಲ್ಲೂ ಆಮೇಲೆ ಸುಮಾರು 10 ಸೆಕೆಂಡು ಉಸಿರು ಬಿಗಿಹಿಡಿಯಬೇಕು. ಸಾಧನ ಬದಲಾದರೆ ಹಳೆಯ ರೂಢಿಯೇ ಹೊಸದಕ್ಕೆ ಅಡ್ಡಿ. ಆ ಕ್ಯಾಪ್ಸೂಲನ್ನು ನುಂಗಿಬಿಡುವವರೂ ಇದ್ದಾರೆ. ನಗುವಂತಿಲ್ಲ, ಕ್ಯಾಪ್ಸೂಲೆಂದರೆ ನುಂಗುವುದೆಂದು ಅವರಿಗೆ ಅದುವರೆಗೆ ಹೇಳಿಕೊಟ್ಟವರೂ ವೈದ್ಯರೇ.

ಹೊರಗೆ ಸಾಲು ಬೆಳೆಯುತ್ತಿರುವಾಗ ಇದನ್ನೆಲ್ಲ ತೋರಿಸಿ, ರೋಗಿಯಿಂದ ಮಾಡಿಸಿ ನೋಡಲು ವೈದ್ಯರಿಗೆ ಬಿಡುವಿರುವುದಿಲ್ಲ. ಗುಣ ಕಾಣದಿದ್ದಾಗ ಪ್ರಮಾಣ ಏರುತ್ತದೆ, ಇಲ್ಲವೇ ಚೀಟಿಗೆ ಇನ್ನೊಂದು ಔಷಧಿ ಸೇರುತ್ತದೆ. ಪ್ರತಿ ಭೇಟಿಗೂ ಸಾಧನವನ್ನು ತರಿಸಿ, ಎಳೆದು ತೋರಿಸಲು ಹೇಳುವುದು, ನನ್ನ ಮಟ್ಟಿಗೆ, ಅದಕ್ಕಿಂತ ಮೊದಲು ಆಗಬೇಕಾದ ಕೆಲಸ. ತರಬೇತಿ ಪಡೆದ ನರ್ಸ್ ಮಾಡಿಸಿದರೂ ಸಾಕು.

ರೋಗ ಬಲಿತು ರಕ್ತದ ಆಮ್ಲಜನಕ ತೀರ ಇಳಿದವರಿಗೆ ದಿನಕ್ಕೆ ಕನಿಷ್ಠ 15 ಗಂಟೆ ಆಮ್ಲಜನಕ ಕೊಟ್ಟರೆ ಆಯುಷ್ಯ ಹೆಚ್ಚುತ್ತದೆಂದು ಬ್ರಿಟನ್ನಿನಲ್ಲಿ 1981ರಲ್ಲಿ ಪ್ರಕಟವಾದ ಪ್ರಯೋಗ ತೋರಿಸಿತು. ಗಾಳಿಯಿಂದ ಆಮ್ಲಜನಕ ಬೇರ್ಪಡಿಸಿ ಕೊಡುವ ಯಂತ್ರವಾದ ಕಾನ್ಸಂಟ್ರೇಟರಿಗೆ ಅಷ್ಟು ಗಂಟೆಯೂ ಕರೆಂಟು ಬೇಕು. ಆಮ್ಲಜನಕದ ಬಳಿ ಕಿಡಿ ಬೀಳಬಾರದಾದ್ದರಿಂದ, ಒಲೆ ಮನೆಯಲ್ಲಿ ಎಲ್ಲಿದೆ, ಬೀಡಿ ಸೇದುವವರು ಯಾರಿದ್ದಾರೆ ಎಂಬುದನ್ನೂ ಚೀಟಿ ಬರೆಯುವ ಮೊದಲೇ ಕೇಳಬೇಕಾಗುತ್ತದೆ.