ಮಣ್ಣು ಮುಚ್ಚಿದರೆ ಬೆಂಕಿ ಆರುವುದಿಲ್ಲ

"ಮಿಸ್, ಮಣ್ಣು ಹಾಕಿ ಮುಚ್ಚಿದ್ದೀವಿ, ಹೋಗೋಣ್ವಾ?"

ಗೈಡ್ಸ್ ಶಿಬಿರಗಳಲ್ಲಿ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಹುಡುಗಿಯರ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೆ ಹಾಗೆ ಹೇಳಿಕೊಟ್ಟವರು ದೊಡ್ಡವರೇ: ಜೊತೆಗೆ ಬಂದ ಪಿ.ಟಿ. ಮೇಷ್ಟ್ರು, ಶಿಬಿರ ನೋಡಲು ಬಂದ ಅಪ್ಪಂದಿರು, ಒಮ್ಮೊಮ್ಮೆ ನಮ್ಮದೇ ಗೈಡ್ ಕ್ಯಾಪ್ಟನ್‌ಗಳು.

ಎರಡೇ ಕಡ್ಡಿಯಲ್ಲಿ ಬೆಂಕಿ ಹೊತ್ತಿಸುವುದನ್ನು ಎಂಟನೇ ಕ್ಲಾಸಿನ ಮಕ್ಕಳು ಅರ್ಧ ದಿನದಲ್ಲಿ ಕಲಿತುಬಿಡುತ್ತಾರೆ. ಪುಳ್ಳೆ ಒಣಗಿದ್ದರೆ ಸಾಕು. ಜಡೆ ಹಿಂದಕ್ಕೆ ಕಟ್ಟಿಸಿ, ದುಪಟ್ಟಾ ತೆಗೆಸಿ, ಪಾಲಿಯೆಸ್ಟರ್ ಟ್ರ್ಯಾಕ್ ಪ್ಯಾಂಟಿನವರನ್ನು ಎರಡು ಹೆಜ್ಜೆ ಹಿಂದೆ ನಿಲ್ಲಿಸಿದರೆ ನನ್ನ ಕೆಲಸ ಮುಗಿಯಿತು. ಅದರ ಬಗ್ಗೆ ಬರೆಯುವುದೇನೂ ಇಲ್ಲ.

ಆರಿಸುವುದೇ ಕಷ್ಟ. ಮಣ್ಣು ಮುಚ್ಚಿದರೆ ಸಾಲದು ಎಂದು ಒಮ್ಮೆ ನಾನು ಹೇಳುತ್ತಿದ್ದಾಗ ಒಬ್ಬ ತಂದೆ ನಕ್ಕರು. "ಗಾಳಿ ಇಲ್ಲದೆ ಬೆಂಕಿ ಹೆಂಗ್ ಇರತ್ತೆ ಮೇಡಂ? ಏಳನೇ ಕ್ಲಾಸ್ ಸೈನ್ಸ್ ಅಲ್ವಾ?" ನಾನು ಬಾಯಿ ತೆರೆಯುವ ಮೊದಲೇ ಹಿಂದಿನ ಸಾಲಿನ ಹುಡುಗಿಯೊಬ್ಬಳು, "ಸಾರ್, ನಮ್ಮಜ್ಜಿ ರಾತ್ರಿ ಕೆಂಡದ ಮೇಲೆ ಬೂದಿ ಎಳೆದು ಮಲಗ್ತಾರೆ, ಬೆಳಿಗ್ಗೆ ಅದರಲ್ಲೇ ಒಲೆ ಹಚ್ತಾರೆ" ಅಂದಳು. ಅವರು ಮತ್ತೆ ಮಾತಾಡಲಿಲ್ಲ.

ವಿಷಯ ಅಷ್ಟೇ. ಮುಚ್ಚುವುದು ಕೆಂಡವನ್ನು ಕಾಪಾಡುವ ಉಪಾಯ. ಸಡಿಲ ಮಣ್ಣಿನ ಸಂದಿಯಲ್ಲಿ ಒಂದಿಷ್ಟು ಗಾಳಿ ಆಡುತ್ತಲೇ ಇರುತ್ತದೆ, ಶಾಖ ಹೊರಗೆ ಹೋಗುವುದಿಲ್ಲ. ದಪ್ಪ ಕೊರಡಿನ ಕೆಂಡ ಮರುದಿನದವರೆಗೂ ಜೀವ ಹಿಡಿದಿರಬಲ್ಲದು. ಕೆಳಗೆ ಒಣ ಬೇರು ಇದ್ದರಂತೂ ಬೆಂಕಿ ಅದರ ಜಾಡು ಹಿಡಿದು ನೆಲದೊಳಗೇ ಹರಿದು, ಇನ್ನೆಲ್ಲೋ ತಲೆ ಎತ್ತಬಹುದು. ಮೇಲೆ ನೋಡಿದರೆ ಹೊಗೆಯೂ ಇಲ್ಲ. ಬರಿಗಾಲಲ್ಲಿ ಬಂದ ದನ ಕಾಯುವ ಹುಡುಗ ಅದರ ಮೇಲೆ ಕಾಲಿಟ್ಟರೆ? ಇದನ್ನು ಹೇಳಿದಾಗ ಮಾತ್ರ ಮಕ್ಕಳು ಗಪ್‌ಚಿಪ್.

ಹಾಗಾದರೆ ಏನು ಮಾಡಬೇಕು? ಮಲಗುವುದಕ್ಕೆ ಮುಕ್ಕಾಲು ಗಂಟೆ ಮುಂಚೆಯೇ ಹೊಸ ಸೌದೆ ಹಾಕುವುದು ನಿಲ್ಲಿಸಿ. ಇರುವುದು ಉರಿದು ಸಣ್ಣದಾಗಲಿ. ಕೋಲಿನಿಂದ ಕೆಂಡ ಹರಡಿ. ಆಮೇಲೆ ನೀರು. ಒಂದೇ ಸಲ ಬಕೆಟ್ ಬೋರಲು ಹಾಕಬೇಡಿ: ಬಿಸಿ ಹಬೆ ಮುಖಕ್ಕೆ ಹೊಡೆಯುತ್ತದೆ, ಹೊಳೆಯಿಂದ ತಂದ ಕಲ್ಲು ಸುತ್ತ ಇಟ್ಟಿದ್ದರೆ ಸಿಡಿಯಲೂಬಹುದು. ಗಾಳಿ ಬರುವ ಕಡೆ ನಿಂತು ಚಿಮುಕಿಸಿ, ಕಲಸಿ, ಮತ್ತೆ ಹಾಕಿ, ಮತ್ತೆ ಕಲಸಿ. ಚುಂಯ್ ಅನ್ನುವ ಸದ್ದು ನಿಂತಿತು ಅಂದರೆ ಮುಗಿದಂತಲ್ಲ. ಬೂದಿ ರೊಟ್ಟಿ ಹಿಟ್ಟಿನ ಹಾಗೆ ಕೈಗೆ ಮೆತ್ತುವಷ್ಟು ಆಗಬೇಕು. ಕೊನೆಗೆ ಅಂಗೈ ತಿರುಗಿಸಿ, ಅದರ ಹಿಂಬದಿಯನ್ನು ಮೊದಲು ಒಂದು ಗೇಣು ಮೇಲೆ ಹಿಡಿಯಿರಿ, ಆಮೇಲೆ ಹತ್ತಿರ, ಬಿಸಿ ಇಲ್ಲ ಎಂದಾದರೆ ಮುಟ್ಟಿ. ಬೆಚ್ಚಗಿದ್ದರೂ ಆರಿಲ್ಲ. ಈ ಕೊನೆಯ ಪರೀಕ್ಷೆಯನ್ನು ಮೊದಲು ಕ್ಯಾಪ್ಟನ್ ಮಾಡಲಿ, ಆಮೇಲೆ ಪ್ಯಾಟ್ರೋಲ್ ಲೀಡರ್, ಅಂದರೆ ಹುಡುಗಿಯರ ಚಿಕ್ಕ ತಂಡದ ನಾಯಕಿ. ನೀರು ಕಡಿಮೆ ಇದ್ದರೆ ಹಸಿ ಮಣ್ಣು ಹಾಕಿ ಕಲಸಬಹುದು. ಗಮನಿಸಿ, ಕಲಸುವುದು, ಮುಚ್ಚುವುದಲ್ಲ. ನೀರೇ ಇಲ್ಲದ ಕಡೆ ಬೆಂಕಿಯೇ ಬೇಡ.

ಇದೆಲ್ಲ ಅನುಮತಿ ಇರುವ ಶಿಬಿರದ ಮೈದಾನದ ಮಾತು. ಕೊಂಡಜ್ಜಿಯಂಥ ಸ್ಕೌಟ್ಸ್-ಗೈಡ್ಸ್ ಶಿಬಿರ ತಾಣಗಳಲ್ಲಿ ಅದಕ್ಕೆಂದೇ ಜಾಗ ಇರುತ್ತದೆ. ಅಭಯಾರಣ್ಯದಲ್ಲಿ ಬೆಂಕಿ ಹಚ್ಚುವುದು 1972ರ ವನ್ಯಜೀವಿ ಕಾಯ್ದೆಯಲ್ಲೇ ನಿಷಿದ್ಧ, ಮೀಸಲು ಅರಣ್ಯದಲ್ಲೂ ಅಪರಾಧ. "ಚಿಕ್ಕದೊಂದು ಹಚ್ಚಿಕೊಳ್ತೀವಿ" ಎಂದು ನನ್ನನ್ನು ಕೇಳಬೇಡಿ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಸುಟ್ಟಿತು. ನಮ್ಮ ಎಲೆಯುದುರುವ ಕಾಡುಗಳಲ್ಲಿ ಆ ಹೊತ್ತಿಗೆ ನೆಲದ ತುಂಬ ತರಗೆಲೆ, ಜೊತೆಗೆ ಒಣಗಿದ ಲಂಟಾನ. ಅಂಥ ಬೆಂಕಿ ಬಹುಪಾಲು ಮನುಷ್ಯರಿಂದಲೇ ಶುರುವಾಗುತ್ತದೆ.

ಹೆಡ್‌ಮಾಸ್ಟರುಗಳು ಸೇವಾ ಕಾರ್ಯ ಅಂದ ಕೂಡಲೇ ಸಸಿ, ಬ್ಯಾನರ್, ಫೋಟೋ ಕೇಳುತ್ತಾರೆ. ನೆಡಲಿ, ಬೇಡ ಅನ್ನುವುದಿಲ್ಲ. ಆದರೆ ಕಾಡಂಚಿನ ಶಾಲೆಗಳಿಗೆ ನಾನು ಸೂಚಿಸುವ ಕೆಲಸ ಬೇರೆ. ಅರಣ್ಯ ಇಲಾಖೆಯವರು ಬೇಸಿಗೆಗೆ ಮುಂಚೆ ಬೆಂಕಿರೇಖೆ ಮಾಡುತ್ತಾರೆ, ಹುಲ್ಲು ಸವರಿ ತೆಗೆದ ಬಯಲು ಪಟ್ಟಿ ಅದು. ಅದರ ಮೇಲೆ ಎಲೆ ಉದುರುತ್ತಲೇ ಇರುತ್ತದೆ. ರಸ್ತೆ ಬದಿಯ ಅಂಥದೊಂದು ತುಂಡನ್ನು, ಗಾರ್ಡ್ ಜೊತೆಗಿದ್ದು ಒಪ್ಪಿದರೆ, ಮಕ್ಕಳು ಗುಡಿಸಿಡಬಹುದು. ಗುಡಿಸಿದ್ದನ್ನು ಸುಡಬಾರದು. ಪಟ್ಟಿಯ ಆಚೆಗಿನ ಎಲೆಯನ್ನೂ ಬಳಿದು "ಸ್ವಚ್ಛ" ಮಾಡಬಾರದು, ಅದು ಮಣ್ಣಿನ ಊಟ. ಬೆಂಕಿ ಬಿದ್ದಾಗ ಆರಿಸಲು ಹುಡುಗಿಯರನ್ನು ಕಳಿಸುವ ಮಾತಂತೂ ಆಡಲೇಬೇಡಿ.

ಇಷ್ಟು ಹೇಳಿದರೂ ಮುಂದಿನ ಶಿಬಿರದಲ್ಲಿ ಮತ್ತೆ ಮಣ್ಣು ಮುಚ್ಚುತ್ತಾರೆ. ಕಾರಣ ಅಜ್ಞಾನ ಅಂತ ನನಗನ್ನಿಸುವುದಿಲ್ಲ. ನನ್ನ ಕೈಗೆ ಬರುವ ವೇಳಾಪಟ್ಟಿಗಳಲ್ಲಿ "ರಾತ್ರಿ 8ರಿಂದ 10: ಶಿಬಿರಾಗ್ನಿ, 10: ನಿದ್ರೆ" ಎಂದಿರುತ್ತದೆ. ಹಾಡು, ನಾಟಕ, ಅತಿಥಿಗಳ ಭಾಷಣ ಮುಗಿಯುವಾಗಲೇ ಹತ್ತೂಕಾಲು. ಮಕ್ಕಳು ತೂಕಡಿಸುತ್ತಿರುತ್ತಾರೆ, ಮೇಷ್ಟ್ರು ಎರಡು ಬುಟ್ಟಿ ಮಣ್ಣು ಸುರಿದು ಕೈ ತೊಳೆಯುತ್ತಾರೆ. ಅತಿಥಿಗಳನ್ನು ಮೊದಲೇ ಮಾತಾಡಿಸಿ ಕಳಿಸಿ. ಒಂಬತ್ತೂಕಾಲರಿಂದ ಹತ್ತರವರೆಗೆ "ಬೆಂಕಿ ಆರಿಸುವುದು" ಎಂದು ಪಟ್ಟಿಯಲ್ಲೇ ಬರೆಯಿರಿ, ಯಾವ ಪ್ಯಾಟ್ರೋಲ್ ತಂಡ ಎಂಬುದನ್ನೂ ಬರೆಯಿರಿ. ತುಂಬಿದ ಬಕೆಟ್‌ಗಳು ಸಂಜೆಯೇ ಅಲ್ಲಿರಲಿ.