ಆಸ್ಪಿರಿನ್ ಯಾರಿಗೆ, ಯಾವಾಗ: ಹೃದಯಾಘಾತ, ಪಾರ್ಶ್ವವಾಯು, ಕ್ಯಾನ್ಸರ್ ಸಂಶೋಧನೆಗಳ ಟಿಪ್ಪಣಿ

ಹೃದಯಾಘಾತ, ಪಾರ್ಶ್ವವಾಯು, ಕ್ಯಾನ್ಸರ್. ಪಠ್ಯಪುಸ್ತಕದಲ್ಲಿ ಇವು ಮೂರು ಬೇರೆ ಬೇರೆ ಅಧ್ಯಾಯಗಳು. ಮೂರನ್ನೂ ಒಟ್ಟಿಗೆ ಓದಲು ಒಂದು ಎಳೆ ಬೇಕೆನ್ನಿಸಿದಾಗ ನಾನು ಹಿಡಿದದ್ದು ಆಸ್ಪಿರಿನ್. ಈ ಹಳೆಯ, ಅಗ್ಗದ ಮಾತ್ರೆಯ ಮೇಲೆ ಮೂರೂ ಕಾಯಿಲೆಗಳಲ್ಲಿ ದೊಡ್ಡ ಪ್ರಯೋಗಗಳು ನಡೆದಿವೆ, 2025ರಲ್ಲೂ ಹೊಸ ಫಲಿತಾಂಶಗಳು ಬಂದಿವೆ. ಅವುಗಳಲ್ಲಿ ಕೆಲವು ಮಾತ್ರೆಯನ್ನು ಎತ್ತಿ ಹಿಡಿದರೆ, ಕೆಲವು ಅದನ್ನು ನಿಲ್ಲಿಸಿ ಎನ್ನುತ್ತವೆ. ಮೇಲುನೋಟಕ್ಕೆ ಇದು ಗೊಂದಲ. ಯಾರಿಗೆ ಕೊಟ್ಟರು, ಯಾವ ಹೊತ್ತಿನಲ್ಲಿ ಕೊಟ್ಟರು, ಅವರಿಗೆ ಮೊದಲೇ ಇದ್ದ ಅಪಾಯ ಎಷ್ಟು ಎಂದು ಕೇಳುತ್ತಾ ಹೋದರೆ ಬಹುಪಾಲು ಗೊಂದಲ ತಿಳಿಯಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಮೊದಲು, ಮಾತ್ರೆ ಒಳಗೆ ಹೋಗಿ ಮಾಡುವುದೇನು

ರಕ್ತ ಹೆಪ್ಪುಗಟ್ಟಲು ಮೊದಲು ಧಾವಿಸುವುದು ಪ್ಲೇಟ್‌ಲೆಟ್‌ಗಳು, ಅಂದರೆ ರಕ್ತದಲ್ಲಿರುವ ಪುಟ್ಟ ಕಣಗಳು. ಅವುಗಳೊಳಗೆ ಕಾಕ್ಸ್-1 ಎಂಬ ಕಿಣ್ವವಿದೆ. ಅದರ ನೆರವಿನಿಂದ ಥ್ರಾಂಬಾಕ್ಸೇನ್ ಎ2 ಎಂಬ ವಸ್ತು ತಯಾರಾಗುತ್ತದೆ. ಅದು ಹೊರಬಿದ್ದು ಅಕ್ಕಪಕ್ಕದ ಪ್ಲೇಟ್‌ಲೆಟ್‌ಗಳನ್ನು ಕೆರಳಿಸುತ್ತದೆ, ಅವು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಆಸ್ಪಿರಿನ್ ತನ್ನ ಅಸಿಟೈಲ್ ಗುಂಪನ್ನು ಈ ಕಿಣ್ವಕ್ಕೆ ಅಂಟಿಸಿ ಅದರ ಬಾಯಿ ಮುಚ್ಚಿಬಿಡುತ್ತದೆ. ಮುಚ್ಚಿದ್ದು ಮತ್ತೆ ತೆರೆಯುವುದಿಲ್ಲ.

ಇಲ್ಲೊಂದು ಸೊಗಸಾದ ಸಂಗತಿಯಿದೆ. ಆಸ್ಪಿರಿನ್ ರಕ್ತದಲ್ಲಿ ಉಳಿಯುವುದು ತೀರ ಅಲ್ಪ ಕಾಲ. ಅದರ ಅರ್ಧಾಯುಷ್ಯ, ಅಂದರೆ ಅದರ ಪ್ರಮಾಣ ಅರ್ಧಕ್ಕಿಳಿಯಲು ಬೇಕಾಗುವ ಸಮಯ, 15ರಿಂದ 20 ನಿಮಿಷ. ಹಾಗಿದ್ದೂ ದಿನಕ್ಕೊಂದೇ ಸಣ್ಣ ಮಾತ್ರೆ ಸಾಕಾಗುವುದು ಹೇಗೆ? ಪ್ಲೇಟ್‌ಲೆಟ್‌ಗೆ ಕೋಶಕೇಂದ್ರವಿಲ್ಲ, ಕೆಟ್ಟ ಕಿಣ್ವದ ಬದಲಿಗೆ ಹೊಸದನ್ನು ಕಟ್ಟಿಕೊಳ್ಳುವ ಶಕ್ತಿ ಅದಕ್ಕಿಲ್ಲ. ಹಾಗಾಗಿ ಒಮ್ಮೆ ಸಿಕ್ಕಿಬಿದ್ದ ಪ್ಲೇಟ್‌ಲೆಟ್ ಸಾಯುವವರೆಗೆ, ಅಂದರೆ ಏಳರಿಂದ ಹತ್ತು ದಿನ, ಹಾಗೆಯೇ ಇರುತ್ತದೆ. ಶಸ್ತ್ರಚಿಕಿತ್ಸೆಗೆ ಮುನ್ನ ಆಸ್ಪಿರಿನ್ ನಿಲ್ಲಿಸಬೇಕಾದಾಗ ಹಲವು ದಿನ ಮೊದಲೇ ನಿಲ್ಲಿಸುವುದು ಇದೇ ಕಾರಣಕ್ಕೆ. ದೇಹದಲ್ಲಿ ಸಂದೇಶವಾಹಕಗಳಂತೆ ಕೆಲಸ ಮಾಡುವ ಪ್ರಾಸ್ಟಾಗ್ಲಾಂಡಿನ್‌ಗಳ ತಯಾರಿಕೆಯನ್ನು ಆಸ್ಪಿರಿನ್ ತಡೆಯುತ್ತದೆಂದು ಜಾನ್ ವೇನ್ ತೋರಿಸಿದ್ದು 1971ರಲ್ಲಿ. 1982ರ ನೊಬೆಲ್ ಪ್ರಶಸ್ತಿಯನ್ನು ಅವರು ಇನ್ನಿಬ್ಬರೊಂದಿಗೆ ಹಂಚಿಕೊಂಡರು.

ಅದೇ ಕಾಕ್ಸ್-1 ಜಠರದ ಒಳಪದರವನ್ನು ಆಮ್ಲದಿಂದ ಕಾಯುವ ಪ್ರಾಸ್ಟಾಗ್ಲಾಂಡಿನ್‌ಗಳನ್ನೂ ತಯಾರಿಸುತ್ತದೆ. ಆದ್ದರಿಂದ ಮಾತ್ರೆಯ ಗುಣ ಮತ್ತು ದೋಷ ಎರಡೂ ಹುಟ್ಟುವುದು ಒಂದೇ ಕಿಣ್ವದಿಂದ. ರಕ್ತಸ್ರಾವದ ಅಪಾಯವನ್ನು ಪೂರ್ತಿ ಕಳಚಿಟ್ಟು ಲಾಭವನ್ನಷ್ಟೇ ಪಡೆಯಲು ಬರುವುದಿಲ್ಲ. ಮುಂದಿನ ಪ್ರತಿ ಪ್ರಯೋಗವನ್ನು ಓದುವಾಗಲೂ ಇದು ನೆನಪಿರಲಿ.

ಹೃದಯಾಘಾತ ಆದ ಹೊತ್ತಿನಲ್ಲಿ

1988ರಲ್ಲಿ ಪ್ರಕಟವಾದ ಐಸಿಸ್-2 ಪ್ರಯೋಗವನ್ನು ಪ್ರತಿ ವಿದ್ಯಾರ್ಥಿಯೂ ಒಮ್ಮೆ ಓದಲೇಬೇಕು. 16 ದೇಶಗಳ 417 ಆಸ್ಪತ್ರೆಗಳಲ್ಲಿ, ಹೃದಯಾಘಾತದ ಶಂಕೆಯಿದ್ದ 17,187 ರೋಗಿಗಳು ಭಾಗವಹಿಸಿದ್ದರು. ಅರ್ಧದಷ್ಟು ಜನರಿಗೆ ಒಂದು ತಿಂಗಳು ದಿನಕ್ಕೆ ಸುಮಾರು 160 ಮಿಲಿಗ್ರಾಂ ಆಸ್ಪಿರಿನ್, ಉಳಿದವರಿಗೆ ಹುಸಿಮಾತ್ರೆ, ಅಂದರೆ ಔಷಧವಿಲ್ಲದ, ನೋಡಲು ಮಾತ್ರ ಹಾಗೇ ಇರುವ ಮಾತ್ರೆ. ಐದು ವಾರಗಳಲ್ಲಿ ಹೃದಯ ಮತ್ತು ರಕ್ತನಾಳದ ಕಾರಣದಿಂದ ಸತ್ತವರು ಹುಸಿಮಾತ್ರೆಯ ಗುಂಪಿನಲ್ಲಿ ಶೇ. 11.8, ಆಸ್ಪಿರಿನ್ ಗುಂಪಿನಲ್ಲಿ ಶೇ. 9.4.

ಇಲ್ಲಿ ನಿಂತು ಲೆಕ್ಕ ಹಾಕಿ. 11.8ರಲ್ಲಿ 9.4 ಕಳೆದರೆ 2.4. ಇದು ನಿರಪೇಕ್ಷ ಇಳಿಕೆ: ನೂರು ಜನರಿಗೆ ಮಾತ್ರೆ ಕೊಟ್ಟರೆ ಎರಡಕ್ಕಿಂತ ತುಸು ಹೆಚ್ಚು ಜೀವ ಉಳಿಯುತ್ತದೆ. ನೂರನ್ನು 2.4ರಿಂದ ಭಾಗಿಸಿದರೆ ಸುಮಾರು 42; ಅಷ್ಟು ರೋಗಿಗಳಿಗೆ ಒಂದು ತಿಂಗಳು ಮಾತ್ರೆ ಕೊಟ್ಟರೆ ಒಂದು ಸಾವು ತಪ್ಪುತ್ತದೆ. ಪ್ರಕಟಿತ ವರದಿಯಲ್ಲಿ ಕಾಣುವ ಶೇ. 23 ಎಂಬ ಅಂಕಿ ಸಾಪೇಕ್ಷ ಇಳಿಕೆ, ಅಂದರೆ ಹುಸಿಮಾತ್ರೆಯ ಗುಂಪಿಗೆ ಹೋಲಿಸಿದ ಇಳಿಕೆ; ಅದನ್ನು ಸತ್ತವರಿಗೂ ಬದುಕಿದವರಿಗೂ ಇರುವ ಅನುಪಾತದ ಮೇಲೆ ಲೆಕ್ಕ ಹಾಕಲಾಗಿದೆ. ಎರಡೂ ನಿಜ, ಆದರೆ ರೋಗಿಯ ಮುಂದೆ ಕೂತಾಗ ಬೇಕಾಗುವುದು ಮೊದಲನೆಯದು. ಒಂದು ತಿಂಗಳ ಅಗ್ಗದ ಚಿಕಿತ್ಸೆಗೆ ಇಷ್ಟು ಫಲ ಸಿಗುವುದು ವೈದ್ಯಕೀಯದಲ್ಲಿ ಅಪರೂಪ.

ಇದೇ ಪ್ರಯೋಗದಲ್ಲಿ ಇನ್ನೊಂದು ಪಾಠವಿದೆ. ರೋಗಿಗಳನ್ನು ಉಪಗುಂಪುಗಳಾಗಿ ಸೀಳಿ ನೋಡುವುದು ಎಷ್ಟು ಅಪಾಯಕಾರಿ ಎಂದು ತೋರಿಸಲು ಸಂಶೋಧಕರು ಅವರನ್ನು ಜನ್ಮರಾಶಿಯ ಪ್ರಕಾರ ವಿಂಗಡಿಸಿದರು. ಮಿಥುನ ಮತ್ತು ತುಲಾ ರಾಶಿಯವರಿಗೆ ಆಸ್ಪಿರಿನ್‌ನಿಂದ ಲಾಭವಿಲ್ಲ, ತುಸು ಹಾನಿಯೇ ಇದೆ ಎಂಬ ಫಲಿತಾಂಶ ಬಂತು! ದತ್ತಾಂಶವನ್ನು ಬೇಕಾದಷ್ಟು ಬಗೆಯಲ್ಲಿ ಕತ್ತರಿಸಿದರೆ ಯಾವುದೋ ಒಂದು ತುಂಡಿನಲ್ಲಿ ಕಾಕತಾಳೀಯವಾಗಿ ಇಂಥದ್ದು ಸಿಕ್ಕೇ ಸಿಗುತ್ತದೆ. ಕ್ಯಾನ್ಸರ್ ಭಾಗಕ್ಕೆ ಬಂದಾಗ ಇದನ್ನು ಮತ್ತೆ ಬಳಸಬೇಕಾಗುತ್ತದೆ.

ಹೃದಯಾಘಾತ ಆದವರು ಆಮೇಲೂ ಆಸ್ಪಿರಿನ್ ಮುಂದುವರಿಸುವುದು ರೂಢಿ. ಆದರೆ ಜೊತೆಗೆ ಬೇರೆ ಔಷಧ ಇದ್ದರೆ? ಹೃದಯ ಧಮನಿಗೆ ಸ್ಟೆಂಟ್ (ಧಮನಿಯನ್ನು ತೆರೆದಿಡುವ ಸಣ್ಣ ಜಾಲರಿ ಕೊಳವೆ) ಹಾಕಿಸಿಕೊಂಡವರಿಗೆ ಮುಂದೆ ಹೃತ್ಕರ್ಣದ ಕಂಪನ, ಅಂದರೆ ಹೃದಯ ತಾಳ ತಪ್ಪಿ ಬಡಿಯುವ ತೊಂದರೆ, ಕಾಣಿಸಿಕೊಂಡರೆ ಹೆಪ್ಪುರೋಧಕ ಮಾತ್ರೆ ಅನಿವಾರ್ಯವಾಗುತ್ತದೆ. ಆಗ ಆಸ್ಪಿರಿನ್ ಕೂಡ ಇರಲಿ ಎನ್ನುವುದು ಸಹಜವಾಗಿ ಬರುವ ಯೋಚನೆ. ಫ್ರಾನ್ಸಿನಲ್ಲಿ ನಡೆದು 2025ರಲ್ಲಿ ಪ್ರಕಟವಾದ ಅಕ್ವಾಟಿಕ್ ಪ್ರಯೋಗ ಇದನ್ನೇ ಪರೀಕ್ಷಿಸಿತು. ಸ್ಟೆಂಟ್ ಹಾಕಿ ಆರು ತಿಂಗಳು ದಾಟಿದ್ದ, ಮತ್ತೆ ಹೆಪ್ಪುಗಟ್ಟುವ ಅಪಾಯ ಹೆಚ್ಚಿದ್ದ, ಹೆಪ್ಪುರೋಧಕ ತೆಗೆದುಕೊಳ್ಳುತ್ತಿದ್ದ 872 ರೋಗಿಗಳು. ಆಸ್ಪಿರಿನ್ ಸೇರಿಸಿದ ಗುಂಪಿನಲ್ಲಿ ಸಾವು ಶೇ. 13.4, ಹುಸಿಮಾತ್ರೆಯ ಗುಂಪಿನಲ್ಲಿ ಶೇ. 8.4, ದೊಡ್ಡ ರಕ್ತಸ್ರಾವ ಮೂರು ಪಟ್ಟು. ಪ್ರಯೋಗವನ್ನು ಅವಧಿಗೆ ಮೊದಲೇ ನಿಲ್ಲಿಸಬೇಕಾಯಿತು. ಹೃದ್ರೋಗಿ ಎಂದ ಮಾತ್ರಕ್ಕೆ ಆಸ್ಪಿರಿನ್ ಇರಲೇಬೇಕು ಎಂದು ನಂಬಿರುವವರು ಈ ಅಂಕಿಗಳನ್ನು ಎರಡು ಸಲ ಓದಬೇಕು.

ಪಾರ್ಶ್ವವಾಯು: ಮೊದಲ ದಿನಗಳ ಮಹತ್ವ

ಮೊದಲ ಎಚ್ಚರಿಕೆ: ಪಾರ್ಶ್ವವಾಯುವಿನಲ್ಲಿ ಎರಡು ಬಗೆ. ರಕ್ತನಾಳ ಮುಚ್ಚಿಕೊಂಡು ಆಗುವುದು ಒಂದು, ಒಡೆದು ಮೆದುಳಿನೊಳಗೆ ರಕ್ತ ಸುರಿದು ಆಗುವುದು ಇನ್ನೊಂದು. ಹಾಸಿಗೆಯ ಪಕ್ಕ ನಿಂತು ನೋಡಿದರೆ ಎರಡೂ ಒಂದೇ ರೀತಿ ಕಾಣಬಹುದು: ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು, ಕೈ ಬಿದ್ದುಹೋಗುವುದು. ಸಿ.ಟಿ. ಸ್ಕ್ಯಾನ್ ಆಗದೆ ಆಸ್ಪಿರಿನ್ ಕೊಡಬಾರದು ಎನ್ನುವುದು ಇದಕ್ಕಾಗಿ. ಎದೆನೋವಿಗೆ ಕೂಡಲೇ ಕೊಡುವ ಮಾತ್ರೆಯನ್ನು ಪಾರ್ಶ್ವವಾಯುವಿಗೂ ಮನೆಯಲ್ಲೇ ಕೊಟ್ಟುಬಿಡುವುದು ದೊಡ್ಡ ತಪ್ಪು. ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಟ್ಟಿದ್ದರೂ ಸಾಮಾನ್ಯವಾಗಿ 24 ಗಂಟೆ ಕಾಯುತ್ತಾರೆ.

1997ರಲ್ಲಿ ಎರಡು ದೊಡ್ಡ ಪ್ರಯೋಗಗಳು ಒಟ್ಟಿಗೆ ಬಂದವು. ಒಂದು ಅಂತರರಾಷ್ಟ್ರೀಯ ಪಾರ್ಶ್ವವಾಯು ಪ್ರಯೋಗ, ಇನ್ನೊಂದು ಚೀನಾದಲ್ಲಿ ನಡೆದದ್ದು. ಎರಡೂ ಸೇರಿ 40 ಸಾವಿರ ರೋಗಿಗಳು. ಮೊದಲ ಕೆಲವು ವಾರಗಳಲ್ಲಿ ಸಾವಿರ ಜನಕ್ಕೆ ಸುಮಾರು ಒಂಬತ್ತು ಸಾವು ಅಥವಾ ಮರು ಪಾರ್ಶ್ವವಾಯು ತಪ್ಪಿತು. ಐಸಿಸ್-2ರ ಸಾವಿರಕ್ಕೆ 24ರ ಪಕ್ಕದಲ್ಲಿಟ್ಟರೆ ಇದು ಸಣ್ಣದು. ಹಾಗಾದರೆ ಮೆದುಳಿನಲ್ಲಿ ಆಸ್ಪಿರಿನ್ ಅಷ್ಟೇನೂ ಕೆಲಸಕ್ಕೆ ಬಾರದೆ?

ಹಳೆಯ ಪ್ರಯೋಗಗಳ ದತ್ತಾಂಶವನ್ನು ಮತ್ತೆ ಬಿಚ್ಚಿ ನೋಡಿದ, 2016ರ ಒಂದು ವಿಶ್ಲೇಷಣೆ ಬೇರೆಯೇ ಚಿತ್ರ ಕೊಟ್ಟಿತು. ಅಲ್ಪಕಾಲಿಕ ಅಥವಾ ಸೌಮ್ಯ ಪಾರ್ಶ್ವವಾಯು ಆದವರಲ್ಲಿ ಮೊದಲ ಆರು ವಾರಗಳ ಮರುದಾಳಿಯನ್ನು ಆಸ್ಪಿರಿನ್ ಸುಮಾರು ಶೇ. 60ರಷ್ಟು ತಗ್ಗಿಸಿತ್ತು. ಲಾಭವೆಲ್ಲ ಆರಂಭದ ದಿನಗಳಲ್ಲೇ ತುಂಬಿಕೊಂಡಿತ್ತು. ವರ್ಷಗಟ್ಟಲೆ ಸರಾಸರಿ ತೆಗೆದಾಗ ಅದು ತೆಳುವಾಗಿ ಕಂಡಿತ್ತು, ಅಷ್ಟೆ. ಐದೇ ನಿಮಿಷ ಕೈ ಜೋಮು ಹಿಡಿದು ಸರಿಹೋಯಿತೆಂದು ಮನೆಯಲ್ಲೇ ಉಳಿಯುವವರ ಬಗ್ಗೆ ನನಗೆ ತೀವ್ರ ಕಳವಳ ಇರುವುದು ಇದರಿಂದ. ಚಿಕಿತ್ಸೆಗೆ ಅತ್ಯಂತ ಹೆಚ್ಚು ಬೆಲೆಯಿರುವ ದಿನಗಳನ್ನು ಅವರು ಕಳೆದುಕೊಳ್ಳುತ್ತಾರೆ.

ಇದಕ್ಕೆ ಹೊಂದುವ ಇನ್ನೆರಡು ಪ್ರಯೋಗಗಳಿವೆ. 2013ರ ಚಾನ್ಸ್ ಪ್ರಯೋಗದಲ್ಲಿ 24 ಗಂಟೆಯೊಳಗೆ ಬಂದ 5,170 ರೋಗಿಗಳಲ್ಲಿ ಒಂದು ಗುಂಪಿಗೆ ಆಸ್ಪಿರಿನ್ ಮಾತ್ರ. ಇನ್ನೊಂದು ಗುಂಪಿಗೆ ಮೊದಲ 21 ದಿನ ಆಸ್ಪಿರಿನ್ ಜೊತೆಗೆ ಪ್ಲೇಟ್‌ಲೆಟ್‌ಗಳನ್ನು ತಡೆಯುವ ಇನ್ನೊಂದು ಔಷಧ ಕ್ಲೋಪಿಡೋಗ್ರೆಲ್, ಆಮೇಲೆ ಕ್ಲೋಪಿಡೋಗ್ರೆಲ್ ಮಾತ್ರ. 90 ದಿನಗಳಲ್ಲಿ ಮತ್ತೆ ಪಾರ್ಶ್ವವಾಯು ಆದವರು ಶೇ. 11.7 ಮತ್ತು ಶೇ. 8.2. 2018ರ ಪಾಯಿಂಟ್ ಪ್ರಯೋಗದಲ್ಲಿ ಎರಡೂ ಔಷಧಗಳನ್ನು ಪೂರ್ತಿ 90 ದಿನ ಕೊಟ್ಟರು. ಲಾಭ ಇತ್ತು, ಆದರೆ ದೊಡ್ಡ ರಕ್ತಸ್ರಾವ ಶೇ. 0.4ರಿಂದ 0.9ಕ್ಕೆ ಏರಿತು. ಲಾಭದ ಹೆಚ್ಚಿನ ಪಾಲು ಮೊದಲ ಮೂರು ವಾರಗಳದ್ದು, ಆಮೇಲಿನದು ಹೆಚ್ಚಾಗಿ ರಕ್ತಸ್ರಾವದ ಖಾತೆಗೆ. ಇಂದು ಸೌಮ್ಯ ಪಾರ್ಶ್ವವಾಯುವಿನಲ್ಲಿ ಜೋಡಿ ಔಷಧವನ್ನು 21 ದಿನಗಳ ಆಸುಪಾಸಿನಲ್ಲಿ ನಿಲ್ಲಿಸುವುದರ ಹಿಂದೆ ಈ ಎರಡು ಪ್ರಯೋಗಗಳಿವೆ.

ಕಾಯಿಲೆ ಇನ್ನೂ ಬಾರದವರಿಗೆ

ಹೃದಯಾಘಾತವನ್ನೇ ಕಾಣದ ಆರೋಗ್ಯವಂತರು ಮುನ್ನೆಚ್ಚರಿಕೆಯೆಂದು ದಿನವೂ ನುಂಗಿದರೆ ಏನಾಗುತ್ತದೆ? 2018ರಲ್ಲಿ ಇದಕ್ಕೆ ಉತ್ತರಗಳು ಬಂದವು. ಆಸೆಂಡ್ ಪ್ರಯೋಗದಲ್ಲಿ 15,480 ಮಧುಮೇಹಿಗಳನ್ನು ಸರಾಸರಿ ಏಳು ವರ್ಷ ಗಮನಿಸಿದರು. ಹೃದಯ ಮತ್ತು ರಕ್ತನಾಳದ ಗಂಭೀರ ಘಟನೆಗಳು ಶೇ. 9.6ರಿಂದ 8.5ಕ್ಕೆ ಇಳಿದವು. ದೊಡ್ಡ ರಕ್ತಸ್ರಾವ ಶೇ. 3.2ರಿಂದ 4.1ಕ್ಕೆ ಏರಿತು. ಹಿಂದಿನ ಲೆಕ್ಕವನ್ನೇ ಇಲ್ಲಿ ಹಾಕಿ: ಏಳು ವರ್ಷದಲ್ಲಿ ಒಬ್ಬರಿಗೆ ಇಂಥ ಗಂಭೀರ ಘಟನೆ ತಪ್ಪಿಸಲು ಸುಮಾರು 91 ಜನ ಮಾತ್ರೆ ನುಂಗಬೇಕು, 111 ಜನ ನುಂಗಿದರೆ ಒಬ್ಬರಿಗೆ ದೊಡ್ಡ ರಕ್ತಸ್ರಾವ. ತಕ್ಕಡಿಯ ಎರಡೂ ತಟ್ಟೆ ಹೆಚ್ಚುಕಡಿಮೆ ಸಮ.

ಅದೇ ವರ್ಷದ ಆಸ್ಪ್ರೀ ಪ್ರಯೋಗ ಇನ್ನೂ ಗಂಭೀರ. ಆಸ್ಟ್ರೇಲಿಯಾ ಮತ್ತು ಅಮೆರಿಕದ 19,114 ಆರೋಗ್ಯವಂತ ಹಿರಿಯರು, ಬಹುಪಾಲು 70 ದಾಟಿದವರು, ದಿನಕ್ಕೆ 100 ಮಿಲಿಗ್ರಾಂ. ಹೃದಯಕ್ಕೆ ಗಣನೀಯ ಲಾಭ ಸಿಗಲಿಲ್ಲ, ರಕ್ತಸ್ರಾವ ಹೆಚ್ಚಿತು, ಅದರ ಮೇಲೆ ಒಟ್ಟು ಸಾವುಗಳೂ ತುಸು ಹೆಚ್ಚಾದವು. ಆ ಹೆಚ್ಚಳದ ಮುಖ್ಯ ಕಾರಣ ಕ್ಯಾನ್ಸರ್: ಅದರಿಂದ ಸತ್ತವರು ಶೇ. 2.3ರ ಬದಲು ಶೇ. 3.1. 2022ರಲ್ಲಿ ಅಮೆರಿಕದ ತಡೆಗಟ್ಟುವ ಚಿಕಿತ್ಸೆಗಳ ಕಾರ್ಯಪಡೆ, 60 ದಾಟಿದವರು ಮೊದಲ ಹೃದಯಾಘಾತ ತಡೆಯಲೆಂದು ಆಸ್ಪಿರಿನ್ ಹೊಸದಾಗಿ ಆರಂಭಿಸಬಾರದು ಎಂದು ಸೂಚಿಸಿತು. ಈ ಸೂಚನೆ ಈಗಾಗಲೇ ಹೃದಯಾಘಾತ ಅಥವಾ ಪಾರ್ಶ್ವವಾಯು ಆಗಿ ವೈದ್ಯರ ಸಲಹೆಯಂತೆ ಮಾತ್ರೆ ತೆಗೆದುಕೊಳ್ಳುತ್ತಿರುವವರಿಗೆ ಅನ್ವಯಿಸುವುದಿಲ್ಲ. ಅವರು ತಾವಾಗಿಯೇ ನಿಲ್ಲಿಸಿದರೆ ಅಪಾಯ.

ಕ್ಯಾನ್ಸರ್: ಒಂದು ಕಡೆ ಹಾನಿ, ಇನ್ನೊಂದು ಕಡೆ ರಕ್ಷಣೆ

ಆಸ್ಪ್ರೀ ಓದಿ ಮುಗಿಸಿದವರಿಗೆ ಕ್ಯಾಪ್-2 ಎಂಬ ಪ್ರಯೋಗ ಅಚ್ಚರಿ ತರುತ್ತದೆ. ಲಿಂಚ್ ಸಿಂಡ್ರೋಮ್ ಇರುವವರಲ್ಲಿ ಡಿಎನ್ಎ ದೋಷ ತಿದ್ದುವ ವಂಶವಾಹಿಗಳೇ ಹುಟ್ಟಿನಿಂದ ಕೆಟ್ಟಿರುತ್ತವೆ. ದೊಡ್ಡ ಕರುಳಿನ ಕ್ಯಾನ್ಸರ್ ಅವರನ್ನು ಚಿಕ್ಕ ವಯಸ್ಸಿನಲ್ಲೇ ಹಿಡಿಯಬಹುದು. ಅಂಥ 861 ಜನರ ಪ್ರಯೋಗದಲ್ಲಿ ಅರ್ಧ ಜನ ಸರಾಸರಿ ಎರಡು ವರ್ಷ ದಿನಕ್ಕೆ 600 ಮಿಲಿಗ್ರಾಂ ಆಸ್ಪಿರಿನ್ ತೆಗೆದುಕೊಂಡರು. 2008ರ ಮೊದಲ ವರದಿಯಲ್ಲಿ ಯಾವ ಲಾಭವೂ ಕಾಣಲಿಲ್ಲ. ಸಂಶೋಧಕರು ಬಿಡದೆ ಗಮನಿಸುತ್ತಾ ಹೋದರು. 2020ರಲ್ಲಿ ಪ್ರಕಟವಾದ ದೀರ್ಘಾವಧಿಯ ಫಲಿತಾಂಶದಲ್ಲಿ ಕರುಳಿನ ಕ್ಯಾನ್ಸರ್ ಆದವರು ಹುಸಿಮಾತ್ರೆಯ ಗುಂಪಿನಲ್ಲಿ ಶೇ. 13, ಆಸ್ಪಿರಿನ್ ಗುಂಪಿನಲ್ಲಿ ಶೇ. 9. ಮಾತ್ರೆ ನಿಂತು ಎಷ್ಟೋ ವರ್ಷಗಳ ನಂತರ ಕಂಡ ಫಲ ಇದು. ಆಸ್ಪ್ರೀಯ ಗಮನಿಕೆ ಐದು ವರ್ಷಕ್ಕೂ ಕಡಿಮೆ, ಅಲ್ಲಿದ್ದವರೆಲ್ಲ ವೃದ್ಧರು. ಅವರಲ್ಲಿ ಕ್ಯಾನ್ಸರ್ ಆಗಲೇ ಸದ್ದಿಲ್ಲದೆ ಬೆಳೆಯುತ್ತಿದ್ದಿರಬಹುದು. ಎರಡು ಫಲಿತಾಂಶಗಳನ್ನು ಹೊಂದಿಸಲು ಇದು ಒಂದು ವಿವರಣೆ, ಇನ್ನೂ ಸಾಬೀತಾದದ್ದಲ್ಲ.

2025ರಲ್ಲಿ ಕೇಂಬ್ರಿಜ್‌ನ ಸಂಶೋಧಕರು ಇಲಿಗಳಲ್ಲಿ ಕಂಡುಕೊಂಡದ್ದು ನಮ್ಮನ್ನು ಮತ್ತೆ ಥ್ರಾಂಬಾಕ್ಸೇನ್ ಎ2 ಬಳಿಗೆ ಕರೆತರುತ್ತದೆ. ಪ್ಲೇಟ್‌ಲೆಟ್‌ಗಳು ಹೊರಬಿಡುವ ಈ ವಸ್ತು ದೇಹದ ರೋಗನಿರೋಧಕ ಪಡೆಯ ಟಿ ಕೋಶಗಳ ಕೈಕಟ್ಟುತ್ತದೆ. ರಕ್ತದಲ್ಲಿ ಒಂಟಿಯಾಗಿ ಹೊರಟ ಕ್ಯಾನ್ಸರ್ ಕೋಶ ಹೊಸ ಅಂಗದಲ್ಲಿ ನೆಲೆಯೂರುವ ಮುನ್ನ ಅದನ್ನು ಕೊಲ್ಲಬೇಕಾದವು ಇದೇ ಟಿ ಕೋಶಗಳು. ಆಸ್ಪಿರಿನ್ ಥ್ರಾಂಬಾಕ್ಸೇನ್ ತಗ್ಗಿಸಿದಾಗ ಅವುಗಳ ಕಟ್ಟು ಬಿಚ್ಚುತ್ತದೆ, ಇಲಿಗಳಲ್ಲಿ ಕ್ಯಾನ್ಸರ್ ಬೇರೆ ಅಂಗಗಳಿಗೆ ಹರಡುವುದು ಕಡಿಮೆಯಾಗುತ್ತದೆ. ಹೃದಯ ಧಮನಿಯಲ್ಲಿ ಹೆಪ್ಪು ತಡೆಯುವ ಕ್ರಿಯೆಯೇ ಕ್ಯಾನ್ಸರ್‌ನಲ್ಲೂ ಕೆಲಸ ಮಾಡುತ್ತಿರಬಹುದು ಎಂಬ ಈ ಸುಳಿವು ನನಗೆ ಬಹಳ ಮುಖ್ಯವೆನ್ನಿಸಿತು.

ಮನುಷ್ಯರಲ್ಲಿ? ಎಲ್ಲ ಕ್ಯಾನ್ಸರ್‌ಗಳಲ್ಲೂ ಅಲ್ಲ. ಸ್ತನ ಕ್ಯಾನ್ಸರ್ ಆದ 3,020 ಜನರ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಆಸ್ಪಿರಿನ್‌ನಿಂದ ಪ್ರಯೋಜನವಾಗಲಿಲ್ಲ. ಕರುಳಿನ ಕ್ಯಾನ್ಸರ್‌ನಲ್ಲೂ ರೋಗಿಗಳನ್ನು ಆರಿಸದೆ ಎಲ್ಲರಿಗೂ ಕೊಟ್ಟು ನೋಡಿದ ಆಸ್ಕಾಲ್ಟ್ ಪ್ರಯೋಗ ಸ್ಪಷ್ಟ ಲಾಭ ತೋರಿಸಲಿಲ್ಲ. ಅಲಾಸ್ಕಾ ಎಂಬ ಹೆಸರಿನ ಪ್ರಯೋಗ ಬೇರೆ ದಾರಿ ಹಿಡಿಯಿತು. ಸ್ವೀಡನ್, ನಾರ್ವೆ, ಡೆನ್ಮಾರ್ಕ್ ಮತ್ತು ಫಿನ್‌ಲೆಂಡಿನ ರೋಗಿಗಳ ಗೆಡ್ಡೆಗಳನ್ನು ಮೊದಲು ವಂಶವಾಹಿ ಪರೀಕ್ಷೆಗೆ ಒಳಪಡಿಸಿದರು. ಕೋಶಗಳ ಬೆಳವಣಿಗೆಗೆ ಸಂಬಂಧಿಸಿದ ಪಿಐಕೆ3ಸಿಎ ಮತ್ತು ಅದೇ ಸರಣಿಯ ವಂಶವಾಹಿಗಳಲ್ಲಿ ಬದಲಾವಣೆ ಕಂಡುಬಂದದ್ದು ಸುಮಾರು ಶೇ. 37 ಜನರಲ್ಲಿ. ಅವರಲ್ಲಿ 626 ಮಂದಿಯನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿ, ಶಸ್ತ್ರಚಿಕಿತ್ಸೆಯ ನಂತರ ಮೂರು ವರ್ಷ ದಿನಕ್ಕೆ 160 ಮಿಲಿಗ್ರಾಂ ಆಸ್ಪಿರಿನ್ ಅಥವಾ ಹುಸಿಮಾತ್ರೆ ಕೊಟ್ಟರು. 2025ರ ವರದಿಯ ಪ್ರಕಾರ, ಪಿಐಕೆ3ಸಿಎ ವಂಶವಾಹಿಯ ಪ್ರಮುಖ ತಾಣಗಳಲ್ಲಿ ಬದಲಾವಣೆ ಇದ್ದವರ ಮರುಕಳಿಕೆ ಶೇ. 14.1ರಿಂದ 7.7ಕ್ಕೆ ಇಳಿಯಿತು.

ಇದೂ ಒಂದು ಉಪಗುಂಪೇ ಅಲ್ಲವೆ, ಜನ್ಮರಾಶಿಯ ಲೆಕ್ಕದಂತೆ ಎಂದು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. ವ್ಯತ್ಯಾಸ ಇಷ್ಟು: ಇಲ್ಲಿ ಯಾರನ್ನು ಸೇರಿಸಬೇಕೆಂದು ಪ್ರಯೋಗ ಶುರುವಾಗುವ ಮೊದಲೇ ನಿರ್ಧರಿಸಿದ್ದರು, ಹಾಗೆ ನಿರ್ಧರಿಸಲು ಹಿಂದಿನ ಗಮನಿಕೆಗಳ ಆಧಾರವಿತ್ತು, ಮತ್ತು ಆಮೇಲೆ ಆ ಗುಂಪಿನೊಳಗೇ ಹಂಚಿಕೆ ಮಾಡಿದರು. ಮಾತ್ರೆಯ ದೋಷ ಇಲ್ಲೂ ಮಾಯವಾಗಲಿಲ್ಲ: ತೀವ್ರ ಅಡ್ಡಪರಿಣಾಮಗಳು ಹುಸಿಮಾತ್ರೆಯಲ್ಲಿ ಶೇ. 11.6, ಆಸ್ಪಿರಿನ್‌ನಲ್ಲಿ ಶೇ. 16.8. ಮರುಕಳಿಕೆಯ ನಿರಪೇಕ್ಷ ಇಳಿಕೆ 6.4, ಅಂದರೆ ಸುಮಾರು 16 ಜನರಿಗೆ ಮೂರು ವರ್ಷ ಕೊಟ್ಟರೆ ಒಬ್ಬರಿಗೆ ಕ್ಯಾನ್ಸರ್ ಮರಳುವುದು ತಪ್ಪುತ್ತದೆ. ಆದರೆ ಪ್ರಯೋಗ ಅಳೆದ ಮುಖ್ಯ ಸಂಗತಿ ಮರುಕಳಿಕೆ. ಆಯಸ್ಸು ಎಷ್ಟು ಹೆಚ್ಚಿತು ಎಂದು ತಿಳಿಯಲು ಈ ರೋಗಿಗಳನ್ನು ಇನ್ನೂ ಹಲವು ವರ್ಷ ಗಮನಿಸಬೇಕಾಗುತ್ತದೆ.